ಹುಕ್, ಹೈಗನ್ಸ್, ನ್ಯೂಟನ್: ಸ್ಪ್ರಿಂಗ್ ಆಂದೋಲನದ ಸಿದ್ಧಾಂತ ರೂಪುಗೊಂಡ ಬಗೆ

ಪಿಯುಸಿ ಭೌತಶಾಸ್ತ್ರದಲ್ಲಿ ಈ ಪಾಠದ ಕ್ರಮ ಸಲೀಸು. ಮೊದಲು ಹುಕ್‌ನ ನಿಯಮ, ಅದರ ಬೆನ್ನಿಗೆ ನ್ಯೂಟನ್ನನ ಎರಡನೆಯ ನಿಯಮ. ಎರಡೂ ಸೇರಿದರೆ ಸರಳ ಸಂಗತ ಚಲನೆಯ ಸಮೀಕರಣ ಸಿದ್ಧ. ಸ್ಪ್ರಿಂಗಿಗೆ ತೂಗುಬಿಟ್ಟ ಗುಂಡು ಹೆಚ್ಚು ಎಳೆದರೂ ಕಡಿಮೆ ಎಳೆದರೂ ಒಂದೇ ಆವರ್ತಕಾಲದಲ್ಲಿ ಏಕೆ ಮೇಲೆ ಕೆಳಗೆ ಆಡುತ್ತದೆ ಎಂಬುದು ಅಲ್ಲಿಂದ ತಾನಾಗಿ ಹೊರಬರುತ್ತದೆ. ತರ್ಕಕ್ಕೆ ಇದು ಸರಿ, ಚರಿತ್ರೆಗೆ ಅಲ್ಲ. ಆ ಗುಂಡು ಮತ್ತು ಆ ಸ್ಪ್ರಿಂಗು ಬೇರೆ ಬೇರೆ ದಾರಿಗಳಲ್ಲಿ ಬಂದು ಕೂಡಿಕೊಂಡವು, ಕೂಡಿಸಿದ್ದು ಗಡಿಯಾರ.

ಆರಂಭವನ್ನು ಲೋಲಕದಲ್ಲಿ ಹುಡುಕಬೇಕು. ತೂಗಾಟ ಎಷ್ಟೇ ಅಗಲವಾಗಿರಲಿ ಲೋಲಕದ ಕಾಲ ಬದಲಾಗದು ಎಂದು ಗೆಲಿಲಿಯೋ ನಂಬಿದ್ದ. ವೃತ್ತದ ಕಂಸದಲ್ಲಿ ತೂಗುವ ಲೋಲಕಕ್ಕೆ ಈ ಮಾತು ಪೂರ್ತಿ ಒಪ್ಪುವುದಿಲ್ಲ, ಸೈಕ್ಲಾಯ್ಡ್ ವಕ್ರರೇಖೆಯ ಮೇಲೆ ಮಾತ್ರ ಒಪ್ಪುತ್ತದೆ ಎಂದು ಕ್ರಿಸ್ಟಿಯಾನ್ ಹೈಗನ್ಸ್ 1659ರಲ್ಲಿ ಕಂಡುಕೊಂಡ. 1673ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ಅವನ ಲೋಲಕ ಗಡಿಯಾರದ ಗ್ರಂಥದಲ್ಲಿ ಇದರ ಸಾಧನೆಯಿದೆ. ಸೈಕ್ಲಾಯ್ಡಿನ ಗುಟ್ಟು ಅವನಿಗೆ ಹೊಳೆದದ್ದು ಆಮೇಲೆ: ಅಲ್ಲಿ ವಸ್ತುವನ್ನು ಹಿಂದಕ್ಕೆ ತಳ್ಳುವ ಬಲ, ತಳದ ಬಿಂದುವಿನಿಂದ ಅದು ರೇಖೆಯುದ್ದಕ್ಕೂ ಸರಿದ ದೂರಕ್ಕೆ ಅನುಪಾತದಲ್ಲಿರುತ್ತದೆ. ಹಾಗಿದ್ದರೆ ಲೋಲಕವೇ ಏಕೆ ಬೇಕು? ಅದೇ ಅನುಪಾತವಿರುವ ಸ್ಪ್ರಿಂಗೂ ಸಾಕು. 1675ರ ಜನವರಿಯಲ್ಲಿ ಅವನು ಸುರುಳಿ ಸ್ಪ್ರಿಂಗಿನ ಚಿತ್ರ ಬರೆದ. ಗಡಿಯಾರ ಕುಶಲಿ ಇಸಾಕ್ ತ್ಯೂರೆ ಮಾದರಿ ಮಾಡಿಕೊಟ್ಟ. ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ವಿದ್ವತ್ ಪತ್ರಿಕೆ ಅದನ್ನು ಪ್ರಕಟಿಸಿತು. ನಮ್ಮ ವಾಚ್ ರಿಪೇರಿಯವರು ಹೇರ್‌ಸ್ಪ್ರಿಂಗ್ ಎನ್ನುವುದು ಇದನ್ನೇ.

ಸುದ್ದಿ ತಿಳಿದು ಲಂಡನ್ನಿನ ರಾಬರ್ಟ್ ಹುಕ್ ಕೆಂಡವಾದ. ತನ್ನ ಉಪಾಯವನ್ನು ರಾಯಲ್ ಸೊಸೈಟಿಯ ಕಾರ್ಯದರ್ಶಿ ಓಲ್ಡೆನ್‌ಬರ್ಗ್ ಹೊರದೇಶಕ್ಕೆ ಸೋರಗೊಟ್ಟನೆಂದು ದೂರಿದ. ಥಾಮಸ್ ಟಾಂಪಿಯನ್ ಕೈಯಲ್ಲಿ ಎರಡನೆಯ ಚಾರ್ಲ್ಸ್ ದೊರೆಗೆ ಮಾಡಿಸಿಕೊಟ್ಟ ಗಡಿಯಾರದ ಮೇಲೆ, ಇದನ್ನು ಹುಕ್ 1658ರಲ್ಲೇ ಕಂಡುಹಿಡಿದನೆಂದು ಕೆತ್ತಲಾಗಿತ್ತು. ಇಂಥ ಕೆತ್ತನೆಯನ್ನು ಸಾಕ್ಷಿಯೆಂದು ಒಪ್ಪುವುದು ಕಷ್ಟ. ಅರ್ಜಿದಾರನೇ ತೀರ್ಪನ್ನೂ ಬರೆದುಕೊಂಡ ಹಾಗೆ. ಆದರೆ 2006ರಲ್ಲಿ ಇಂಗ್ಲೆಂಡಿನ ಮನೆಯೊಂದರಲ್ಲಿ ಸಿಕ್ಕು ರಾಯಲ್ ಸೊಸೈಟಿಗೆ ಮರಳಿದ ಹುಕ್‌ನ ಕೈಬರಹದ ಕಡತ, ಸ್ಪ್ರಿಂಗ್ ಗಡಿಯಾರವೊಂದನ್ನು ಅವನು 1670ರಲ್ಲಿಯೇ ಸಭೆಗೆ ತೋರಿಸಿದ್ದನೆಂಬ ವಾದಕ್ಕೆ ಬಲ ಕೊಟ್ಟಿದೆ. ಅವನ ಸಿಟ್ಟು ಬರೀ ಹೊಟ್ಟೆಕಿಚ್ಚಲ್ಲ.

1676ರಲ್ಲಿ ಹುಕ್ ತನ್ನ ನಿಯಮವನ್ನು ಹದಿನಾಲ್ಕು ಲ್ಯಾಟಿನ್ ಅಕ್ಷರಗಳ ಒಗಟಾಗಿ ಅಚ್ಚು ಹಾಕಿಸಿದ. ಬಿಡಿಸಿ ಹೇಳಿದ್ದು 1678ರ ಉಪನ್ಯಾಸ ಪುಸ್ತಕದಲ್ಲಿ: ಹಿಗ್ಗು ಎಷ್ಟೋ ಬಲವೂ ಅಷ್ಟೇ. ಅಲ್ಲಿ ವಿವರಿಸಿದ ಪ್ರಯೋಗ ಸರಳ. ಇಪ್ಪತ್ತು, ಮೂವತ್ತು, ನಲವತ್ತು ಅಡಿ ಉದ್ದದ ತಂತಿಯನ್ನು ಮೇಲೆ ಮೊಳೆಗೆ ಬಿಗಿದು, ಕೆಳತುದಿಗೆ ತಕ್ಕಡಿಯ ತಟ್ಟೆ ಕಟ್ಟಿ, ತಟ್ಟೆಗೂ ನೆಲಕ್ಕೂ ಇರುವ ಅಂತರವನ್ನು ಕೈವಾರದಿಂದ ಅಳೆಯುವುದು. ಆಮೇಲೆ ತೂಕಗಳನ್ನು ಒಂದೊಂದಾಗಿ ಇಟ್ಟು ಮತ್ತೆ ಅಳೆಯುವುದು. ಸುರುಳಿ ತಂತಿಗೂ ಗಡಿಯಾರದ ಸ್ಪ್ರಿಂಗಿಗೂ ಇದೇ ಬಗೆಯ ಪರೀಕ್ಷೆ. ಗಮನಿಸಬೇಕಾದ್ದು, ಈ ಪ್ರಯೋಗಗಳಲ್ಲಿ ತೂಕ ಇರುವುದು ಬಲವನ್ನು ಅಳೆಯಲಿಕ್ಕೆ. ಅದು ಆಡುವುದಿಲ್ಲ, ನಿಂತಿರುತ್ತದೆ.

ಆಂದೋಲನದ ಕಡೆಗೆ ಹುಕ್ ಹೊರಳುವುದು ಅದೇ ಪುಸ್ತಕದ ಒಂದು ಚಿತ್ರದಲ್ಲಿ. ಹಿಗ್ಗಿದ ಸ್ಪ್ರಿಂಗು ಮರಳುವಾಗ ಪ್ರತಿ ಹಂತದ ಬಲಗಳನ್ನೂ ಕೂಡಿಸಿದರೆ ತ್ರಿಕೋನದ ವಿಸ್ತೀರ್ಣ ಸಿಗುತ್ತದೆ. ವೇಗ ಈ ಮೊತ್ತದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ವೇಗಗಳು ವೃತ್ತವೊಂದರ ಲಂಬರೇಖೆಗಳಾಗಿ ನಿಲ್ಲುತ್ತವೆ. ಇದು ಅಚ್ಚರಿಯಾಗುವಷ್ಟು ಸರಿ; ಇಂದು ಶಕ್ತಿ ಸಂರಕ್ಷಣೆಯಿಂದ ಪಡೆಯುವ ಫಲಿತಾಂಶವೂ ಇದೇ. ಆದರೆ ವೇಗದಿಂದ ಕಾಲಕ್ಕೆ ಹೋಗುವಾಗ ಅವನು ತಡವರಿಸುತ್ತಾನೆ. ಎಲ್ಲ ಆಂದೋಲನಗಳಿಗೂ ಸಮಾನ ಕಾಲ ಎಂಬ ಕೊನೆಯ ಮಾತು ನಿಜವಾದರೂ, ಅದಕ್ಕೆ ಅವನು ಹತ್ತಿದ ಮೆಟ್ಟಿಲು ಗಟ್ಟಿಯಲ್ಲ.

ಗಟ್ಟಿ ಮೆಟ್ಟಿಲು ಕಟ್ಟಿದ್ದು ನ್ಯೂಟನ್, 1687ರ ‘ಪ್ರಿನ್ಸಿಪಿಯಾ’ದಲ್ಲಿ. ಮೊದಲ ಸಂಪುಟದ 38ನೆಯ ಪ್ರಮೇಯದಲ್ಲಿ, ಕೇಂದ್ರದಿಂದಿರುವ ದೂರಕ್ಕೆ ಅನುಪಾತವಾದ ಬಲಕ್ಕೆ ಸಿಕ್ಕ ವಸ್ತುವಿನ ಕಾಲವನ್ನು ವೃತ್ತದ ಕಂಸದಿಂದಲೂ ವೇಗವನ್ನು ಅದರ ಲಂಬರೇಖೆಯಿಂದಲೂ ಅಳೆದು ತೋರಿಸುತ್ತಾನೆ. ಎಷ್ಟು ದೂರದಿಂದ ಬಿಟ್ಟರೂ ಕೇಂದ್ರ ತಲುಪುವ ಕಾಲ ಒಂದೇ. ಹುಕ್ ಮುಗ್ಗರಿಸಿದ ಜಾಗವೇ ಇದು. ವಿಚಿತ್ರವೆಂದರೆ ಈ ಪ್ರಮೇಯದಲ್ಲಿ ಸ್ಪ್ರಿಂಗೂ ಇಲ್ಲ, ಹುಕ್‌ನ ಹೆಸರೂ ಇಲ್ಲ.

ನಾವು ಬರೆಯುವ ಅವಕಲ ಸಮೀಕರಣದ ರೂಪ ಬಂದದ್ದು ಹದಿನೆಂಟನೆಯ ಶತಮಾನದಲ್ಲಿ. ಹೊರಗಿನ ಆವರ್ತಬಲವೊಂದು ಸೇರಿದಾಗ ಏನಾಗುತ್ತದೆಂಬುದನ್ನೂ ಆಯ್ಲರ್ 1739ರಲ್ಲಿ ಬಿಡಿಸಿದ. ಅನುರಣನದ ಗಣಿತಕ್ಕೆ ಅದೇ ತಳಪಾಯ.

ಹೀಗೆ ನೋಡಿದರೆ ಬಲದ ನಿಯಮ ಹುಕ್‌ನದು. ಆ ನಿಯಮವಿದ್ದಲ್ಲಿ ಸಮಕಾಲತೆ ಇರುತ್ತದೆಂಬ ಒಳನೋಟದಲ್ಲಿ ದೊಡ್ಡ ಪಾಲು ಹೈಗನ್ಸ್‌ನದು. ದೋಷವಿಲ್ಲದ ಸಾಧನೆ ನ್ಯೂಟನ್ನನದು. ಪಠ್ಯಪುಸ್ತಕ ಬರೆಯುವವರು ಹುಕ್‌ನ ಪಕ್ಕದಲ್ಲಿ ಹೈಗನ್ಸ್‌ನ ಹೆಸರಿಗೂ ಒಂದು ಸಾಲು ಬಿಡಬೇಕು.