ಪಾಠಕ್ಕೆ ಮಕ್ಕಳೇ ಸಾಕ್ಷಿ

ತರಗತಿಯನ್ನು ಹೊರಗಿನ ತಜ್ಞರು ಅಳೆಯಬೇಕು, ಶಿಕ್ಷಕರು ಅವರ ವರದಿಗೆ ತಲೆದೂಗಬೇಕು. ಬಹುಕಾಲ ನಡೆದುಬಂದ ಪದ್ಧತಿ ಇದು.

ಅದನ್ನು ಅಲುಗಾಡಿಸಿದ, ಕೆಲಸ ಮಾಡುವವರೇ ತಮ್ಮ ಕೆಲಸವನ್ನು ಪರೀಕ್ಷಿಸಿ ತಿದ್ದಿಕೊಳ್ಳುವ ಕ್ರಿಯಾ ಸಂಶೋಧನೆ ಹುಟ್ಟಿದ್ದು ಶಾಲೆಯಲ್ಲಲ್ಲ ಎಂಬುದೇ ತಮಾಷೆ. ಜರ್ಮನಿ ಬಿಟ್ಟು ಅಮೆರಿಕ ಸೇರಿದ್ದ ಮನೋವಿಜ್ಞಾನಿ ಕರ್ಟ್ ಲೆವಿನ್ 1946ರಲ್ಲಿ ಅಲ್ಪಸಂಖ್ಯಾತರ ಸಮಸ್ಯೆಗಳ ಕುರಿತು ಬರೆಯುತ್ತ ಅದರ ಸುತ್ತು ವಿವರಿಸಿದರು: ಯೋಜಿಸು, ಮಾಡು, ಫಲ ನೋಡು, ಮತ್ತೆ ಯೋಜಿಸು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಸ್ಟೀಫನ್ ಕೋರಿ 1953ರ ತಮ್ಮ ಪುಸ್ತಕದಲ್ಲಿ ಇದನ್ನು ಶಾಲೆಗೆ ತಂದರು. ವಿದ್ವಾಂಸರು ಮೂಗು ಮುರಿದರು; ಅಮೆರಿಕದಲ್ಲಿ ಉತ್ಸಾಹ ಬೇಗ ತಣ್ಣಗಾಯಿತು.

ಮರುಜೀವ ಬಂದದ್ದು ಇಂಗ್ಲೆಂಡಿನಲ್ಲಿ. 1967ರಲ್ಲಿ ಲಾರೆನ್ಸ್ ಸ್ಟೆನ್‌ಹೌಸ್ ಆರಂಭಿಸಿದ ಮಾನವಿಕ ಪಠ್ಯಕ್ರಮ ಯೋಜನೆಯಲ್ಲಿ ಹದಿಹರೆಯದವರು ಯುದ್ಧ, ಬಡತನ, ಕುಟುಂಬದಂಥ ವಿಷಯ ಚರ್ಚಿಸಬೇಕಿತ್ತು. ಶಿಕ್ಷಕರು ಯಾರ ಪಕ್ಷವನ್ನೂ ವಹಿಸುವಂತಿರಲಿಲ್ಲ. ಹೇಳಿದಷ್ಟು ಸುಲಭವೇ? ಯೋಜನೆಯಲ್ಲಿದ್ದ ಜಾನ್ ಎಲಿಯಟ್ ಮುಂದೆ ಫೋರ್ಡ್ ಬೋಧನಾ ಯೋಜನೆಯಲ್ಲಿ ಶಿಕ್ಷಕರ ಕೈಗೇ ಟೇಪ್ ರೆಕಾರ್ಡರ್ ಕೊಟ್ಟರು. ಒಂದೇ ಪಾಠದ ಬಗ್ಗೆ ಶಿಕ್ಷಕರು, ಮಕ್ಕಳು, ವೀಕ್ಷಕರು ಹೇಳಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರು. "ಎಲ್ಲರೂ ಒಪ್ಪುತ್ತೀರಾ?" ಎಂಬ ಶಿಕ್ಷಕರ ಸೌಮ್ಯ ಪ್ರಶ್ನೆಯೂ ಮಕ್ಕಳಿಗೆ "ಭಿನ್ನಮತ ಬೇಡ" ಎಂದೇ ಕೇಳಿಸುತ್ತಿತ್ತು. ಇಂಥದ್ದನ್ನು ಯಾವ ಅಂಕಿಅಂಶದ ಪಟ್ಟಿಯೂ ಹಿಡಿಯಲಾರದು.

ಭಾರತದಲ್ಲಿ 1986ರ ಶಿಕ್ಷಣ ನೀತಿಯ ನಂತರ ತಲೆಯೆತ್ತಿದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಿಗೆ, ನಮ್ಮ 'ಡಯಟ್'ಗಳಿಗೆ, ಕ್ರಿಯಾ ಸಂಶೋಧನೆಯೂ ಒಂದು ಹೊಣೆಯಾಯಿತು. ಬಿ.ಎಡ್. ವಿದ್ಯಾರ್ಥಿಗಳಿಗೆ ಅದು ಬಹುಮಟ್ಟಿಗೆ ಬರೆದು ಒಪ್ಪಿಸುವ ವರದಿ. ಆದರೆ ತಮ್ಮ ಪಾಠವನ್ನು ತಾವೇ ಕೇಳಿಕೊಳ್ಳಲು ಟೇಪ್ ರೆಕಾರ್ಡರಿನ ಜಾಗಕ್ಕೆ ಈಗ ಜೇಬಿನ ಮೊಬೈಲ್ ಸಾಕು.