18 ತುಂಬಿದ ಮಗನ ಪರವಾಗಿ ಸಹಿ ಯಾರದ್ದು?

ಊಟ, ಸ್ನಾನ, ಬಟ್ಟೆ ಎಲ್ಲದಕ್ಕೂ ಇನ್ನೊಬ್ಬರ ಕೈ ಬೇಕು. ಮಾತು ಬರುವುದಿಲ್ಲ. ತೀವ್ರ ಬುದ್ಧಿಮಾಂದ್ಯತೆ ಇರುವ ಇಂಥ ಮಕ್ಕಳನ್ನು ನಾವೆಲ್ಲ ನೋಡಿರುತ್ತೇವೆ. 18 ತುಂಬುವವರೆಗೆ ಅಪ್ಪ-ಅಮ್ಮನೇ ಪಾಲಕರು. ಆಮೇಲೆ ಕಾನೂನಿನ ಕಣ್ಣಿಗೆ ಅವನು ದೊಡ್ಡವನು. ಬ್ಯಾಂಕಿನಲ್ಲಿ, ಜಮೀನಿನ ಕಾಗದದಲ್ಲಿ ಅವನ ಪರವಾಗಿ ಸಹಿ ಹಾಕುವವರು ಯಾರು? ನಮ್ಮ ದೇಶ ಇದಕ್ಕೆ ಉತ್ತರ ಕಂಡುಕೊಂಡಿದ್ದು ಸುತ್ತುದಾರಿಯಲ್ಲಿ.

1912ರಲ್ಲಿ ಬ್ರಿಟಿಷರು ಲೂನಸಿ ಆಕ್ಟ್ ತಂದರು. ಕನ್ನಡದಲ್ಲಿ ಹುಚ್ಚರ ಕಾಯ್ದೆ ಎನ್ನಬಹುದು. ಕಾಯಿಲೆಯಿಂದ ಮನಸ್ಸು ಕೆಟ್ಟವರನ್ನೂ, ಹುಟ್ಟಿನಿಂದಲೇ ಬುದ್ಧಿ ಬೆಳೆಯದವರನ್ನೂ ಅದು ಒಂದೇ ಹಗ್ಗದಲ್ಲಿ ಕಟ್ಟಿತು. ಎರಡನೆಯವರಿಗೆ ಬಳಸಿದ ಪದ ‘ಈಡಿಯಟ್’. ಇವತ್ತು ನಾವು ಬೈಯುವ ಪದ ಆಗ ಕಾನೂನಿನ ಪುಸ್ತಕದಲ್ಲೇ ಇತ್ತು! ಆದರೂ ಅದರಲ್ಲೊಂದು ದಾರಿಯಿತ್ತು. ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ಪಾಲಕರನ್ನೂ, ಆಸ್ತಿ ನೋಡಿಕೊಳ್ಳುವವರನ್ನೂ ನೇಮಿಸಬಹುದಿತ್ತು. ಮಗನನ್ನು ಹುಚ್ಚನೆಂದು ಕೋರ್ಟಿನಲ್ಲಿ ಸಾಬೀತು ಮಾಡಲು ಯಾವ ತಾಯಿಗೆ ಮನಸ್ಸು ಬಂದೀತು?

1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಗೆ ಬಂದಿದ್ದು 1993ರ ಏಪ್ರಿಲ್‌ನಲ್ಲಿ. ಬುದ್ಧಿಮಾಂದ್ಯತೆಯನ್ನು ಅದು ಮಾನಸಿಕ ಕಾಯಿಲೆಯ ಪಟ್ಟಿಯಿಂದ ಹೊರಗಿಟ್ಟಿತು. ಮಾಡಿದ್ದು ಸರಿಯೇ. ಆದರೆ ಹಳೇ ಕಾಯ್ದೆ ಹೋದಾಗ ಅದರಲ್ಲಿದ್ದ ದಾರಿಯೂ ಹೋಯಿತು. ದೊಡ್ಡವರಾದ ಈ ಮಕ್ಕಳಿಗೆ ಪಾಲಕರನ್ನು ನೇಮಿಸುವ ಸ್ಪಷ್ಟ ಕ್ರಮವೇ ಉಳಿಯಲಿಲ್ಲ.

1999ರ ಕೊನೆಗೆ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗಾಗಿ ಮಾಡಿದ ಕಾಯ್ದೆ ಇದು. ತಂದೆ-ತಾಯಿ ಅಥವಾ ಸಂಬಂಧಿಕರು ಸ್ಥಳೀಯ ಸಮಿತಿಗೆ ಅರ್ಜಿ ಕೊಟ್ಟರಾಯಿತು. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬರು, ಅಂಗವೈಕಲ್ಯವುಳ್ಳ ಒಬ್ಬರು ಅದರಲ್ಲಿರುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಸಮಿತಿ ನೋಡಲೇಬೇಕಾದ ಎರಡು ಪ್ರಶ್ನೆಗಳು: ಇವನಿಗೆ ಪಾಲಕ ಬೇಕೇ? ಬೇಕಾದರೆ ಯಾವ್ಯಾವ ಕೆಲಸಕ್ಕೆ? ಅಂದರೆ ಬದುಕನ್ನೇ ಬರೆದುಕೊಡುವ ಕಾಗದವಲ್ಲ ಇದು. ನೇಮಕವಾದವರು ಆರು ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಹಿಂಸೆ ಕೊಟ್ಟರೆ, ಅಸಡ್ಡೆ ಮಾಡಿದರೆ, ಆಸ್ತಿ ನುಂಗಿದರೆ ಅವರನ್ನು ತೆಗೆಯಲು ಅರ್ಜಿ ಹಾಕಬಹುದು. ಅಣ್ಣತಮ್ಮಂದಿರ ಪಾಲಿನ ಜಗಳ ಇರುವ ಮನೆಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

1999ರ ಕಾಯ್ದೆ ಈಗಲೂ ಇದೆ. ಅದರ ಜೊತೆಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅದರ ಪ್ರಕಾರ ಪಾಲಕತ್ವ ಸೀಮಿತ: ಇಂಥ ತೀರ್ಮಾನಕ್ಕೆ, ಇಷ್ಟು ಅವಧಿಗೆ, ಅದೂ ಅವನ ಇಚ್ಛೆಯಂತೆ, ಇಬ್ಬರೂ ಸೇರಿ.

ಮಾತೇ ಬಾರದವನ ಇಚ್ಛೆ ತಿಳಿಯುವುದು ಹೇಗೆ? ಅದು ಅವನ ಜೊತೆ ಬದುಕುವವರಿಗೆ ಗೊತ್ತಿರುತ್ತದೆ. ಮುದ್ದೆ ಬೇಡವಾದರೆ ಮುಖ ತಿರುಗಿಸುತ್ತಾನೆ. ಜಗಲಿಗೆ ಕರೆದೊಯ್ದರೆ ಸುಮ್ಮನಾಗುತ್ತಾನೆ. ಒಬ್ಬ ಚಿಕ್ಕಪ್ಪ ಬಂದರೆ ಕೈ ಚಾಚುತ್ತಾನೆ, ಇನ್ನೊಬ್ಬ ಬಂದರೆ ಮುದುರಿ ಕೂರುತ್ತಾನೆ. ಪಾಲಕತ್ವ ಕೇಳಿ ಅರ್ಜಿ ಹಾಕಿದವನು ಆ ಎರಡನೆಯ ಚಿಕ್ಕಪ್ಪನಾಗಿದ್ದರೆ, ಮನೆಯ ಹೆಂಗಸರು ಸಮಿತಿಯ ಮುಂದೆ ಇದನ್ನೂ ಹೇಳಬೇಕು.