ಫಿಜಿಯ ಕಬ್ಬಿನ ರೈಲು

ಫಿಜಿಯ ಅತಿದೊಡ್ಡ ದ್ವೀಪವಾದ ವಿಟಿ ಲೆವುವಿನ ಪಶ್ಚಿಮ ಕರಾವಳಿಯಲ್ಲಿ ಇಪ್ಪತ್ತನೆಯ ಶತಮಾನದ ಬಹುಕಾಲ ಒಂದು ಪ್ರಯಾಣಿಕರ ರೈಲು ಓಡುತ್ತಿತ್ತು. ಅದನ್ನು ಹತ್ತಲು ಯಾರೂ ಟಿಕೆಟ್ ಕೊಳ್ಳಬೇಕಾಗಿರಲಿಲ್ಲ. ಆಸ್ಟ್ರೇಲಿಯಾದ ಕಲೋನಿಯಲ್ ಶುಗರ್ ರಿಫೈನಿಂಗ್ ಕಂಪನಿಯ ಔದಾರ್ಯವೆಂದು ಇದನ್ನು ಭಾವಿಸುವುದು ಸುಲಭ. ಆದರೆ ಇದರ ಮೂಲವಿರುವುದು 1906ರ ಒಂದು ವಸಾಹತು ಶಾಸನದಲ್ಲಿ. ರರವಾಯಿಯಿಂದ ಕವನಗಸೌವರೆಗೆ ಹಳಿ ಹಾಕಿಕೊಳ್ಳುವ ಅನುಮತಿಗೆ ಪ್ರತಿಯಾಗಿ, ಸಾರ್ವಜನಿಕರನ್ನು ಉಚಿತವಾಗಿ ಕರೆದೊಯ್ಯುವ ಹೊಣೆಯನ್ನು ಕಂಪನಿ ಹೊರಬೇಕಾಯಿತು. ಅದು ದಾನವಲ್ಲ, ಕರಾರು.

ಕರಾರು ಎಂಬ ಮಾತಿಗೆ ಆ ದ್ವೀಪದಲ್ಲಿ ಇನ್ನೊಂದು ಅರ್ಥವೂ ಇತ್ತು. 1879ರಲ್ಲಿ 'ಲಿಯೋನಿಡಾಸ್' ಹಡಗು ಭಾರತದಿಂದ ಮೊದಲ ಕೂಲಿಗಳನ್ನು ತಂದಿಳಿಸಿತು. 1916ರವರೆಗೆ ಹೀಗೆ ಬಂದವರು ಅರವತ್ತು ಸಾವಿರಕ್ಕೂ ಹೆಚ್ಚು. ಮೊದಲು ಕಲ್ಕತ್ತೆಯಿಂದ, 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. ಐದು ವರ್ಷದ ಒಪ್ಪಂದಕ್ಕೆ ಹೆಬ್ಬೆಟ್ಟೊತ್ತಿದ ಈ ಜನ 'ಅಗ್ರಿಮೆಂಟ್' ಎಂಬುದನ್ನು 'ಗಿರ್ಮಿಟ್' ಎಂದರು, ತಾವು 'ಗಿರ್ಮಿಟಿಯಾ'ಗಳಾದರು. (ಧಾರವಾಡ ಸೀಮೆಯ ಓದುಗರು ತಮ್ಮ ಮಂಡಕ್ಕಿಯ ಗಿರ್ಮಿಟ್ಟನ್ನು ಇಲ್ಲಿ ನೆನೆಯಬಾರದು.) ಗಂಡಾಳಿಗೆ ದಿನಕ್ಕೆ ಒಂದು ಶಿಲಿಂಗ್, ಹೆಣ್ಣಾಳಿಗೆ ಒಂಬತ್ತು ಪೆನ್ಸ್; ಅದೂ ಗೊತ್ತುಪಡಿಸಿದ ಕೆಲಸ ಮುಗಿದರೆ ಮಾತ್ರ. ಅನುಮತಿಯಿಲ್ಲದೆ ತೋಟ ಬಿಟ್ಟು ಹೋಗುವುದು ಶಿಕ್ಷಾರ್ಹ ಅಪರಾಧ. ಎಲ್ಲರಿಗೂ ಉಚಿತವಾದ ರೈಲು, ಹೋಗುವ ಸ್ವಾತಂತ್ರ್ಯವೇ ಇಲ್ಲದವರ ನಡುವೆ ಓಡಿತು. ಆ ಬದುಕನ್ನು 'ನರಕ'ವೆಂದು ಕರೆದವರು ಅದನ್ನು ಅನುಭವಿಸಿದವರೇ. ಇಪ್ಪತ್ತೊಂದು ವರ್ಷ ಫಿಜಿಯಲ್ಲಿದ್ದು ಮರಳಿದ ತೋತಾರಾಮ ಸನಾಢ್ಯರ ಹಿಂದಿ ಕೃತಿ ಆ ಸ್ಥಿತಿಯನ್ನು ಭಾರತೀಯ ಓದುಗರ ಮುಂದಿಟ್ಟಿತು. ಉಳಿದ ಒಪ್ಪಂದಗಳು ರದ್ದಾದದ್ದು 1920ರಲ್ಲಿ.

ಹಳಿಯ ಅಗಲ ಎರಡು ಅಡಿ. ಡಾರ್ಜಿಲಿಂಗಿನ ರೈಲಿನದೂ ಅಷ್ಟೇ. ಅಲ್ಲಿ ಬೆಟ್ಟದ ತಿರುವುಗಳು ಆ ಅಳತೆಯನ್ನು ಬೇಡಿದ್ದರೆ, ಇಲ್ಲಿ ಬೇಡಿದ್ದು ಕಬ್ಬು. ಕಡಿದ ಕಬ್ಬಿನಲ್ಲಿ ಸಕ್ಕರೆಯ ಅಂಶ ದಿನದಿಂದ ದಿನಕ್ಕೆ ಇಳಿಯುವುದರಿಂದ ಅದು ಬೇಗನೆ ಗಾಣ ಸೇರಬೇಕು. ಹಗುರವಾದ ಹಳಿಯ ತುಂಡುಗಳನ್ನು ಆಳುಗಳೇ ಹೊತ್ತೊಯ್ದು ಗದ್ದೆಯೊಳಗೆ ಜೋಡಿಸುತ್ತಿದ್ದರು. ಕೈಯಿಂದ ತುಂಬಿದ ಬಂಡಿಗಳನ್ನು ಮುಖ್ಯ ಮಾರ್ಗಕ್ಕೆ ಎಳೆದು ತರಲಾಗುತ್ತಿತ್ತು. ಒಂದು ಕಡೆ ಕಟಾವು ಮುಗಿದರೆ ಹಳಿಯೂ ಮುಂದಿನ ಗದ್ದೆಗೆ ಹೊರಡುತ್ತಿತ್ತು. ಅಗಲ ಹಳಿಯಿಂದ ಇದು ಸಾಧ್ಯವಿರಲಿಲ್ಲ.

ಗಿರ್ಮಿಟ್ ಮುಗಿದ ಮೇಲೆ ಈ ಹಳಿಗಳ ಪಾತ್ರ ಬದಲಾಯಿತು. ಚರಿತ್ರೆಕಾರರು ಇನ್ನಷ್ಟು ಗಮನಿಸಬೇಕಾದ ಸಂಗತಿ ಇದು. 1920ರ ದಶಕದಿಂದ ಕಂಪನಿ ತನ್ನ ತೋಟಗಳನ್ನು ಸುಮಾರು ಹತ್ತು ಎಕರೆಯ ತುಂಡುಗಳಾಗಿ ಭಾರತೀಯ ಗೇಣಿದಾರರಿಗೆ ವಹಿಸಿತು. ಬೆಳೆಯ ಹೊಣೆ ರೈತನದಾಯಿತು. ಹಳಿ, ಬಂಡಿ, ಗಾಣಗಳು ಕಂಪನಿಯ ಬಳಿಯೇ ಉಳಿದವು. ಹಿಂದೆ ಸರ್ದಾರನ ಕೂಗು ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈಗ ಬಂಡಿಯ ಸರದಿ ಮಾಡುತ್ತಿತ್ತು. 1943ರಲ್ಲಿ ಎ. ಡಿ. ಪಟೇಲ್ ಮತ್ತು ಸ್ವಾಮಿ ರುದ್ರಾನಂದರ ಮುಂದಾಳತ್ವದಲ್ಲಿ ಬೆಳೆಗಾರರು ಕಟಾವನ್ನೇ ನಿಲ್ಲಿಸಿದರು. ಅವರ ಕೈಯಲ್ಲಿದ್ದ ಅಸ್ತ್ರ ಒಂದೇ, ಕಬ್ಬನ್ನು ಬಂಡಿಗೆ ತುಂಬದಿರುವುದು.

ಬೆಳೆಗಾರರಿಗೆ ಅನುಕೂಲವಾದ ಡೆನಿಂಗ್ ತೀರ್ಪಿನ ನಂತರ ಕಂಪನಿ 1973ರಲ್ಲಿ ಫಿಜಿಯನ್ನು ತೊರೆಯಿತು. ಕಾರ್ಖಾನೆಗಳೂ ಹಳಿಗಳೂ ಫಿಜಿ ಶುಗರ್ ಕಾರ್ಪೊರೇಷನ್ನಿನ ವಶಕ್ಕೆ ಬಂದವು. ಉಚಿತ ರೈಲು ಈಗಿಲ್ಲ. ಕಬ್ಬಿನ ಬಹುಪಾಲನ್ನು ಲಾರಿಗಳು ಸಾಗಿಸುತ್ತವೆ, ಅದರ ಬಾಡಿಗೆ ರೈತನ ಲೆಕ್ಕಕ್ಕೆ ಸೇರುತ್ತದೆ.